ಗರಗದ ನೂಲು ಮತ್ತು ತಾಂತ್ರಿಕ ವೃತ್ತಿಯ ದಾರಿಗಳು

೧

ಧಾರವಾಡದ ವಾಯವ್ಯಕ್ಕೆ, ಬೆಳಗಾವಿಯ ಹೆದ್ದಾರಿಯಿಂದ ಒಳಗೆ ಸರಿದು, ಗರಗವೆಂಬ ದೊಡ್ಡ ಊರಿದೆ. ಶ್ರೀ ಮಡಿವಾಳೇಶ್ವರರ ಮಠದಿಂದಾಗಿ ಅದು ಭಕ್ತರಿಗೆ ಪರಿಚಿತವಾಗಿದೆ. ರಾಷ್ಟ್ರಧ್ವಜದ ಖಾದಿ ಬಟ್ಟೆಯಿಂದಾಗಿ ನಾಡಿಗೆಲ್ಲ ಪರಿಚಿತವಾಗಿದೆ. ಶಿಕ್ಷಣದ ಇತಿಹಾಸದಲ್ಲಿ ಮಾತ್ರ ಈ ಊರಿನ ಹೆಸರು ಬಹುಶಃ ಬರುವುದಿಲ್ಲ. ಧಾರವಾಡ ಸೀಮೆಯ ವಿದ್ಯಾಭಿವೃದ್ಧಿಯನ್ನು ಕುರಿತು ಬರೆದವರು ಸಾಮಾನ್ಯವಾಗಿ ಶಾಲೆ ಕಾಲೇಜುಗಳು ಸ್ಥಾಪನೆಯಾದ ವರ್ಷಗಳನ್ನು ಕ್ರಮವಾಗಿ ಕೊಟ್ಟು, ದಾನಿಗಳನ್ನೂ ಸಂಸ್ಥಾಪಕರನ್ನೂ ಸ್ಮರಿಸಿ, ಅಲ್ಲಿಗೆ ವಿಷಯವನ್ನು ಮುಗಿಸುತ್ತಾರೆ. ಆ ಕ್ರಮವು ಅವಶ್ಯವಾದುದೇ. ಆದರೆ ಸಂಸ್ಥೆಯ ಬಾಗಿಲು ತೆರೆದ ವರ್ಷವೂ ಹಳ್ಳಿಯ ಮಕ್ಕಳು ಆ ಬಾಗಿಲನ್ನು ದಾಟಿದ ವರ್ಷವೂ ಒಂದೇ ಆಗಿರಬೇಕೆಂದಿಲ್ಲ.

ಆದುದರಿಂದ ಪ್ರಸ್ತುತ ಪ್ರಬಂಧದಲ್ಲಿ ನಾವು ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಕೇಳಲು ಉದ್ದೇಶಿಸಿದ್ದೇವೆ. ಗರಗದಂತಹ ಊರಿನ ಒಬ್ಬ ತರುಣನಿಗೆ ಇಲ್ಲವೆ ತರುಣಿಗೆ, ವಿಜ್ಞಾನದಿಂದಲೋ ಯಂತ್ರವಿದ್ಯೆಯಿಂದಲೋ ಬದುಕು ಕಟ್ಟಿಕೊಳ್ಳುವ ಯಾವ ದಾರಿಗಳು ಆಯಾ ಕಾಲದಲ್ಲಿ ನಿಜವಾಗಿ ತೆರೆದಿದ್ದವು? ಇಂದು ಪ್ರತಿಯೊಂದು ಕಾಲೇಜಿನಲ್ಲಿಯೂ ಅಧ್ಯಾಪಕರು ವಿದ್ಯಾರ್ಥಿಗಳಿಗೆ ವೃತ್ತಿಯ ಆಯ್ಕೆಯ ಬಗ್ಗೆ ಸಲಹೆ ಕೊಡಬೇಕಾಗುತ್ತದೆ. ಆ ಸಲಹೆಯ ಹಿಂದೆ ಈ ಪ್ರಾಂತದ ಅನುಭವವೊಂದು ಇದ್ದರೆ ಒಳಿತೆಂದು ನಾವು ಭಾವಿಸುತ್ತೇವೆ. ನಮ್ಮ ಮುಖ್ಯ ಪ್ರತಿಪಾದನೆ ಇಷ್ಟು: ಈ ಸೀಮೆಯಲ್ಲಿ ಕೈಯ ವಿದ್ಯೆಯೂ ಪುಸ್ತಕದ ವಿದ್ಯೆಯೂ ನೂರು ವರ್ಷಕ್ಕೂ ಹೆಚ್ಚು ಕಾಲ ಬೇರೆ ಬೇರೆ ಹಾದಿಗಳಲ್ಲಿ ನಡೆದವು; ಅವೆರಡೂ ಕೂಡಿದ ಕೆಲವೇ ಸ್ಥಳಗಳಲ್ಲಿ ಮಾತ್ರ ಹಳ್ಳಿಯ ಕಸುಬಿನೊಳಗಿಂದ ಹೊಸ ತಾಂತ್ರಿಕ ವೃತ್ತಿಗಳು ಹುಟ್ಟಿದವು.

೨

ಈ ಸೀಮೆಗೆ ಯಂತ್ರವನ್ನು ತಂದದ್ದು ಹತ್ತಿ. ಧಾರವಾಡದ ಎರೆಯ ಹೊಲಗಳಲ್ಲಿ ಬೆಳೆಯುತ್ತಿದ್ದ ಜವಾರಿ ಹತ್ತಿಯು ಕುಮಟೆಯ ಬಂದರಿನಿಂದ ಹಡಗು ಏರುತ್ತಿದ್ದುದರಿಂದ ವ್ಯಾಪಾರಿಗಳಲ್ಲಿ ಕುಮಟಾ ಹತ್ತಿಯೆಂದೇ ಹೆಸರಾಗಿತ್ತು. ಇದರ ಬೀಜವನ್ನು ಬೇರ್ಪಡಿಸಲು ವಿಶೇಷ ಯಂತ್ರ ಬೇಕಾಗಿರಲಿಲ್ಲ. ಚಪ್ಪಟೆ ಕಲ್ಲಿನ ಮೇಲೆ ಹತ್ತಿಯನ್ನು ಹರವಿ, ಕಬ್ಬಿಣದ ಸಲಾಕೆಯೊಂದನ್ನು ಪಾದದಿಂದ ಉರುಳಿಸುತ್ತ ಹೆಂಗಸರು ಬೀಜವನ್ನು ಹೊರದೂಡುತ್ತಿದ್ದರು.

೧೮೪೦ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೇರಿಕೆಯಿಂದ ಹತ್ತು ಜನ ಹತ್ತಿಯ ಬೆಳೆಗಾರರನ್ನು ಹಿಂದುಸ್ಥಾನಕ್ಕೆ ಕರೆಸಿತು. ಅವರಲ್ಲೊಬ್ಬನಾದ ಮರ್ಸರ್ ಎಂಬವನು ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ನ್ಯೂ ಆರ್ಲಿಯನ್ಸ್ ಜಾತಿಯ ಹತ್ತಿಯನ್ನು ಬೆಳೆದು ನೋಡಿದನು. ಕಲೆಕ್ಟರನಾಗಿದ್ದ ಎ. ಎನ್. ಶಾ ಇದರಲ್ಲಿ ಬಹಳ ಆಸಕ್ತಿ ವಹಿಸಿದ್ದರಿಂದ ಆ ದಶಕದಲ್ಲಿಯೇ ಹೊಸ ಬೆಳೆ ರೈತರ ಹೊಲಗಳಿಗೂ ಹಬ್ಬಿತು. ‘ಧಾರವಾಡ ಅಮೇರಿಕನ್’ ಎಂಬ ಹೆಸರನ್ನೂ ಪಡೆಯಿತು. ಆದರೆ ಒಂದು ತೊಡಕು ಬಂದಿತು. ಈ ಹತ್ತಿಯ ಎಳೆ ಬೀಜಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಪಾದದ ಸಲಾಕೆಯಿಂದ ಅದು ಬಿಡುತ್ತಿರಲಿಲ್ಲ. ಗರಗಸದಂತಹ ಹಲ್ಲುಗಳುಳ್ಳ ಜಿನ್ನು ಬೇಕಾಯಿತು. ಅದಕ್ಕಾಗಿ ಧಾರವಾಡದಲ್ಲಿ ಜಿನ್ನುಗಳನ್ನು ತಯಾರಿಸುವ ಸರಕಾರಿ ಕಾರ್ಖಾನೆ ನಡೆಯಿತು, ಡಾ. ಫೋರ್ಬ್ಸ್ ಎಂಬವರು ಅದರ ಮೇಲ್ವಿಚಾರಕರಾಗಿದ್ದರು.

ಈ ಸಂಗತಿಯಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಬೀಜ ಬದಲಾದ ಕಾರಣ ಯಂತ್ರ ಬದಲಾಯಿತು. ಯಂತ್ರ ಬದಲಾದ ಕಾರಣ ಕೆಲಸಗಾರರು ಬದಲಾದರು. ಪಾದದ ಸಲಾಕೆ ಹೆಂಗಸರ ಕೈಯಲ್ಲಿತ್ತು. ಗರಗಸದ ಜಿನ್ನು ಬಡಿಗ ಕಮ್ಮಾರರ ಕೈಗೆ ಬಂದಿತು. ಹಲ್ಲು ಮಸೆಯುವುದು, ಅಚ್ಚು ಸರಿಪಡಿಸುವುದು, ಪಟ್ಟಿ ಬಿಗಿಯುವುದು—ಈ ಕೆಲಸಗಳೇ ನಮ್ಮ ಸೀಮೆಯ ಆಧುನಿಕ ಯಂತ್ರವೃತ್ತಿಯ ಮೊದಲ ಪಾಠಗಳು. ಎರಡನೆಯದಾಗಿ, ಆ ಪಾಠ ಪೂರ್ತಿಯಾಗಲಿಲ್ಲ. ಯಂತ್ರವನ್ನು ದುರಸ್ತಿ ಮಾಡುವವನಿಗೆ ಅದರ ನಕಾಶೆಯನ್ನು ಓದಲು ಯಾರೂ ಕಲಿಸಲಿಲ್ಲ. ನಕಾಶೆ ಬರೆಯುವವನು ಪರದೇಶದಿಂದಲೇ ಬರಬೇಕಾಗಿತ್ತು.

೩

ನಕಾಶೆ ಓದುವ ವಿದ್ಯೆ ಬೇಕೆಂದವನು ಆಗ ಪುಣೆಗೆ ಹೋಗಬೇಕಾಗಿತ್ತು. ೧೮೫೪ರಲ್ಲಿ ಅಲ್ಲಿ ಇಂಜಿನಿಯರಿಂಗ್ ವರ್ಗವೂ ಮೆಕ್ಯಾನಿಕಲ್ ಶಾಲೆಯೂ ಪ್ರಾರಂಭವಾದವು. ಲೋಕೋಪಯೋಗಿ ಇಲಾಖೆಗೆ ಬೇಕಾದ ಕೆಳಗಿನ ಅಧಿಕಾರಿಗಳನ್ನು ಸಿದ್ಧಪಡಿಸುವುದು ಅದರ ಮೊದಲ ಉದ್ದೇಶವಾಗಿತ್ತು. ಕಾಲಕ್ರಮದಲ್ಲಿ ಅದೇ ಪುಣೆಯ ಇಂಜಿನಿಯರಿಂಗ್ ಕಾಲೇಜಾಯಿತು. ೧೮೮೩ರಲ್ಲಿ ಅಲ್ಲಿಂದ ಉತ್ತೀರ್ಣರಾಗಿ ಮರುವರ್ಷ ಮುಂಬಯಿ ಸರಕಾರದ ಸೇವೆಗೆ ಸೇರಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಇಲ್ಲಿ ವಿವರಿಸಬೇಕಾದುದಿಲ್ಲ.

ಧಾರವಾಡದವರಿಗೆ ಇನ್ನೂ ಹತ್ತಿರದ ಉದಾಹರಣೆಯೆಂದರೆ ಡೆಪ್ಯುಟಿ ಚನ್ನಬಸಪ್ಪನವರದು (೧೮೩೪–೧೮೮೧). ತರುಣ ಚನ್ನಬಸಪ್ಪನವರು ಇಂಜಿನಿಯರಿಂಗ್ ಅಭ್ಯಾಸಕ್ಕಾಗಿ ಪುಣೆಗೆ ಹೋಗಿದ್ದರೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಆದರೆ ಅವರ ಕೀರ್ತಿ ನಿಂತದ್ದು ಸೇತುವೆ ಕಾಲುವೆಗಳ ಮೇಲೆ ಅಲ್ಲ. ಕನ್ನಡ ಸಾಲೆಗಳ ಮೇಲೆ. ಶಿಕ್ಷಣ ಖಾತೆಯನ್ನು ಸೇರಿ, ಮರಾಠಿಯು ಆವರಿಸಿದ್ದ ಪ್ರದೇಶದಲ್ಲಿ ಕನ್ನಡ ಸಾಲೆಗಳನ್ನು ತೆರೆಯಿಸಿ, ಪಠ್ಯಪುಸ್ತಕಗಳನ್ನು ಬರೆಯಿಸಿ, ಅವರು ಮಾಡಿದ ಕೆಲಸವನ್ನು ಕನ್ನಡಿಗರು ಕೃತಜ್ಞತೆಯಿಂದ ನೆನೆಯುತ್ತಾರೆ. ಯಂತ್ರವಿದ್ಯೆಯ ದೃಷ್ಟಿಯಿಂದ ಇದು ನಷ್ಟವೆ? ಹಾಗೆ ನಮಗೆ ತೋರುವುದಿಲ್ಲ. ತಾಯ್ನುಡಿಯಲ್ಲಿ ಗಣಿತ ಭೂಗೋಲಗಳನ್ನು ಕಲಿಯದ ಹುಡುಗನು ಪುಣೆಯ ಬಾಗಿಲವರೆಗೆ ತಲುಪುವುದೇ ಅಸಾಧ್ಯವಾಗಿತ್ತು. ಚನ್ನಬಸಪ್ಪನವರು ಕಟ್ಟಿದ್ದು ಮೊದಲ ಮೆಟ್ಟಲನ್ನು.

ಆದರೆ ಮೊದಲ ಮೆಟ್ಟಲಿನ ಮೇಲಿನದು ಬಹಳ ಕಾಲ ಕಟ್ಟಲ್ಪಡಲಿಲ್ಲ. ಹಳ್ಳಿಯ ಹುಡುಗನು ಏಳನೆಯ ಇಯತ್ತೆಯವರೆಗೆ ಕಲಿತು ಮುಲ್ಕಿ ಪರೀಕ್ಷೆ ಪಾಸಾದರೆ ಅವನ ಮುಂದೆ ಮೂರು ಉದ್ಯೋಗಗಳಿದ್ದವು: ಸಾಲೆಯ ಮಾಸ್ತರಿಕೆ, ತಲಾಟಿಯ ಕೆಲಸ, ಕಚೇರಿಯ ಕಾರಕೂನಿಕೆ. ಇಂಗ್ಲಿಷ್ ಸಾಲೆಗೆ ಹೋದವನಿಗೆ ವಕೀಲಿಯೊಂದು ಹೆಚ್ಚಿಗೆ ಸೇರುತ್ತಿತ್ತು. ೧೮೯೦ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪನೆಯಾದಾಗ ಕನ್ನಡದಲ್ಲಿ ಗ್ರಂಥಗಳನ್ನು ಬರೆಯಿಸುವ ಹಂಬಲವು ಬಲಗೊಂಡಿತು. ಭಾಷೆ ಸಿದ್ಧವಾಗತೊಡಗಿತು, ವೃತ್ತಿಯ ಬಾಗಿಲುಗಳು ಮಾತ್ರ ಮೂರು ನಾಲ್ಕಕ್ಕೇ ನಿಂತಿದ್ದವು.

೪

ಇದೇ ಕಾಲದಲ್ಲಿ ಇನ್ನೊಂದು ದೊಡ್ಡ ಯಂತ್ರವು ಸೀಮೆಗೆ ಬಂದಿತು. ೧೮೭೬–೭೮ರ ಬರದ ನಂತರ, ಕಾಳು ಸಾಗಿಸುವ ಹಾದಿಗಳಿಲ್ಲದೆ ಜನ ಸತ್ತರೆಂಬ ಅರಿವಿನಿಂದ ದಕ್ಷಿಣ ಮರಾಠಾ ಸೀಮೆಯ ರೈಲುಮಾರ್ಗದ ಯೋಜನೆಗೆ ವೇಗ ಬಂದು, ೧೮೮೨ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹುಟ್ಟಿತು. ಅದರ ಮುಖ್ಯ ಕಚೇರಿ ಧಾರವಾಡದಲ್ಲಿ, ದುರಸ್ತಿಯ ಕಾರ್ಖಾನೆ ಹುಬ್ಬಳ್ಳಿಯಲ್ಲಿ ನೆಲೆಗೊಂಡವು. ಹುಬ್ಬಳ್ಳಿಯ ಕಾರ್ಖಾನೆ ೧೮೮೫ರ ಸುಮಾರಿಗೆ ಕೆಲಸ ತೊಡಗಿತು. ಫಿಟ್ಟರ್, ಟರ್ನರ್, ಎರಕದವ, ಬಾಯ್ಲರಿನವ—ಈ ಹೆಸರುಗಳು ಅಂದಿನಿಂದ ಹುಬ್ಬಳ್ಳಿಯ ಓಣಿಗಳ ಮಾತಾದವು. ಸುತ್ತಲಿನ ಊರುಗಳ ತರುಣರಿಗೆ ಹೊಲವನ್ನು ಬಿಟ್ಟು ತಿಂಗಳ ಸಂಬಳಕ್ಕೆ ಸೇರುವ ದಾರಿಯೊಂದು ಹುಟ್ಟಿತು. ಮೇಲಿನ ಹುದ್ದೆಗಳು ಮಾತ್ರ ಕಂಪನಿಯ ರೈಲುಗಳಲ್ಲೆಲ್ಲ ಇದ್ದಂತೆ ಯುರೋಪಿಯನ್ನರಿಗೂ ಆಂಗ್ಲೋ-ಇಂಡಿಯನ್ನರಿಗೂ ಮೀಸಲಾದಂತಿದ್ದವು.

೧೯೦೮ರಲ್ಲಿ ಈ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಕೂಡಿಕೊಂಡು, ಕಚೇರಿ ಮದ್ರಾಸಿಗೆ ಹೋಯಿತು. ಧಾರವಾಡದಲ್ಲಿ ಬರಿದಾಗಿ ಉಳಿದ ಭವ್ಯವಾದ ಕಟ್ಟಡವು, ರೊದ್ದ ಶ್ರೀನಿವಾಸರಾಯರಂತಹ ಮುಖಂಡರ ಪ್ರಯತ್ನದಿಂದ ೧೯೧೭ರಲ್ಲಿ ಪ್ರಾರಂಭವಾದ ಕರ್ನಾಟಕ ಕಾಲೇಜಿಗೆ ದೊರೆಯಿತು. ರೈಲಿನ ಲೆಕ್ಕಪತ್ರಗಳಿದ್ದ ಕೋಣೆಗಳಲ್ಲಿ ಕಾಲೇಜಿನ ಪಾಠಗಳು ನಡೆದವು. ಇದು ಆಕಸ್ಮಿಕವಾದರೂ ಅರ್ಥಪೂರ್ಣವಾದ ಸಂಗತಿ. ಹನ್ನೆರಡು ಮೈಲು ದೂರದ ಹುಬ್ಬಳ್ಳಿಯಲ್ಲಿ ಉಗಿಯ ಇಂಜಿನುಗಳನ್ನು ಬಿಚ್ಚಿ ಜೋಡಿಸುತ್ತಿದ್ದರು. ಧಾರವಾಡದಲ್ಲಿ ಅದೇ ಉಗಿಯ ಶಾಸ್ತ್ರವನ್ನು ಪುಸ್ತಕದಿಂದ ಓದುತ್ತಿದ್ದರು. ಒಂದೇ ರೈಲುಮಾರ್ಗದ ಮೇಲಿದ್ದ ಈ ಎರಡು ಊರುಗಳ ಎರಡು ವಿದ್ಯೆಗಳಿಗೆ ಒಂದನ್ನೊಂದು ಕಾಣುವ ಏರ್ಪಾಡು ಇರಲಿಲ್ಲ.

ಇವೆರಡನ್ನೂ ತನ್ನೊಬ್ಬನಲ್ಲಿಯೇ ಕೂಡಿಸಿಕೊಂಡ ವ್ಯಕ್ತಿ ಸಂಸ್ಥೆಗಳ ಹೊರಗಿನಿಂದ ಬಂದನು. ಸವದತ್ತಿಯ ಹತ್ತಿರದ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು ಮುಂಬಯಿಯಲ್ಲಿ ಚಿತ್ರಕಲೆಯನ್ನು ಕಲಿತರು. ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರಗಳ ರೇಖಾಚಿತ್ರವನ್ನು ಕಲಿಸಿದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ತೊಡಗಿ, ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕಬ್ಬಿಣವು ನೆಲಕ್ಕೆ ವಿಷವೆಂದು ರೈತರು ಶಂಕಿಸಿದರೆಂಬ ಮಾತು ಪ್ರಸಿದ್ಧವಾಗಿದೆ. ೧೯೧೦ರಲ್ಲಿ ಅವರ ಕಾರ್ಖಾನೆ ಔಂಧ ಸಂಸ್ಥಾನದ ನೆಲಕ್ಕೆ ಹೋಗಿ ಕಿರ್ಲೋಸ್ಕರವಾಡಿಯಾಯಿತು. ಒಕ್ಕಲಿಗನ ಅಗತ್ಯವನ್ನು ಕಂಡು, ಅದನ್ನು ರೇಖೆಯಲ್ಲಿ ಬರೆದು, ಎರಕದಲ್ಲಿ ಹೊಯ್ದವರು ಅವರು. ಇಂತಹ ಉದಾಹರಣೆ ಅಪೂರ್ವವಾಗಿ ಉಳಿಯಿತೆಂಬುದೇ ಆ ಕಾಲದ ಶಿಕ್ಷಣದ ಕೊರತೆಯನ್ನು ತೋರಿಸುತ್ತದೆ.

೫

ನೆರೆಯ ಮೈಸೂರು ಸಂಸ್ಥಾನದೊಡನೆ ಹೋಲಿಸಿದರೆ ಈ ಕೊರತೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಬೆಂಗಳೂರಿನಲ್ಲಿ ೧೯೦೯ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ೧೯೧೭ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು, ೧೯೪೩ರಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ—ಹೀಗೆ ಒಂದರ ಮೇಲೊಂದು ಮೆಟ್ಟಲು ಕಟ್ಟಲ್ಪಟ್ಟಿತು. ಮುಂಬಯಿ ಇಲಾಖೆಯ ತೆಂಕಣ ತುದಿಯಾಗಿದ್ದ ನಮ್ಮ ಸೀಮೆಯಲ್ಲಿ ಸ್ವಾತಂತ್ರ್ಯದ ವರ್ಷದವರೆಗೆ ಒಂದೂ ಇಂಜಿನಿಯರಿಂಗ್ ಕಾಲೇಜು ಇರಲಿಲ್ಲ. ಜಿನ್ನು ಬಂದು ಸುಮಾರು ನೂರು ವರ್ಷ, ರೈಲು ಬಂದು ಅರುವತ್ತು ವರ್ಷ ಸಂದಿದ್ದವು.

ಆ ಅಂತರವನ್ನು ತುಂಬಿದ್ದು ಸರಕಾರವಲ್ಲ, ಜನರ ಸಂಘಟನೆ. ೧೯೧೬ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ೧೯೪೭ರಲ್ಲಿ ಹುಬ್ಬಳ್ಳಿಯಲ್ಲಿ ಬಿ. ವ್ಹಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿತು. ಅದೇ ವರ್ಷ ಧಾರವಾಡದಲ್ಲಿ ಕೃಷಿ ಕಾಲೇಜು ಪ್ರಾರಂಭವಾಯಿತು. ೧೯೪೯ರ ಕಾಯಿದೆಯಿಂದ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯವು ೧೯೫೦ರಲ್ಲಿ ಮುಂಬಯಿಯಿಂದ ಧಾರವಾಡಕ್ಕೆ ಬಂದಿತು. ೧೯೫೪ರಿಂದ ೧೯೬೭ರವರೆಗೆ ಕುಲಪತಿಗಳಾಗಿದ್ದ ಡಾ. ಡಿ. ಸಿ. ಪಾವಟೆಯವರು ಕೇಂಬ್ರಿಜ್ಜಿನಲ್ಲಿ ರ‍್ಯಾಂಗ್ಲರ್ ಪದವಿ ಪಡೆದ ಗಣಿತಜ್ಞರು. ಗೋಕಾಕ ತಾಲೂಕಿನ ಹಳ್ಳಿಯಿಂದ ಹೊರಟವರು. ಅವರ ಕಾಲದಲ್ಲಿ ವಿಜ್ಞಾನ ವಿಭಾಗಗಳು ಬೇರೂರಿದವು.

ಇಲ್ಲಿ ಪ್ರಸಾದ ನಿಲಯಗಳ ಪಾತ್ರವನ್ನು ಮರೆಯಬಾರದು. ಹಳ್ಳಿಯ ಹುಡುಗನಿಗೆ ಶುಲ್ಕಕ್ಕಿಂತ ದೊಡ್ಡ ಅಡ್ಡಿಯೆಂದರೆ ಊಟ ಮತ್ತು ಇರುವ ಸ್ಥಳ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯಪ್ಪಗಳು ನಡೆಯಿಸಿದ ಉಚಿತ ಪ್ರಸಾದ ನಿಲಯವು ಅನೇಕ ಒಕ್ಕಲು ಮನೆತನಗಳ ಮಕ್ಕಳನ್ನು ಕಾಲೇಜಿನ ಮೆಟ್ಟಲವರೆಗೆ ತಂದಿತು. ಪ್ರಯೋಗಶಾಲೆಯ ಇತಿಹಾಸವನ್ನು ಬರೆಯುವವರು ಅಡಿಗೆಮನೆಯ ಇತಿಹಾಸವನ್ನೂ ಅದರ ಜೊತೆಗೆ ಬರೆಯಬೇಕು.

ಹೆಣ್ಣುಮಕ್ಕಳ ಪ್ರಶ್ನೆ ಬೇರೆಯಾಗಿತ್ತು. ಹುಬ್ಬಳ್ಳಿಯ ಭೂಮರಡ್ಡಿ ಕಾಲೇಜಿನಲ್ಲಿ ವಿದ್ಯುತ್ ವಿಭಾಗದಲ್ಲಿ ಓದಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯಿಂದ ಉಚ್ಚ ಪದವಿ ಪಡೆದ ಸುಧಾ ಕುಲಕರ್ಣಿಯವರು, ಹೆಂಗಸರು ಅರ್ಜಿ ಹಾಕಬೇಕಾಗಿಲ್ಲವೆಂಬ ಟೆಲ್ಕೋ ಕಂಪನಿಯ ಪ್ರಕಟಣೆಯನ್ನು ಕಂಡು ೧೯೭೪ರಲ್ಲಿ ಜೆ. ಆರ್. ಡಿ. ತಾತಾ ಅವರಿಗೆ ಅಂಚೆ ಕಾರ್ಡು ಬರೆದುದೂ, ಆ ಕಂಪನಿಯ ಮೊದಲ ಮಹಿಳಾ ಇಂಜಿನಿಯರ್ ಆದುದೂ ಈಗ ಎಲ್ಲರೂ ಬಲ್ಲ ಸಂಗತಿ. ಅವರೇ ಮುಂದೆ ಸುಧಾ ಮೂರ್ತಿಯೆಂದು ಪ್ರಸಿದ್ಧರಾದರು. ಪದವಿಯ ಬಾಗಿಲು ತೆರೆದಿದ್ದರೂ ಕಾರ್ಖಾನೆಯ ಬಾಗಿಲು ಮುಚ್ಚಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಡ.

೬

ಇನ್ನು ಗರಗಕ್ಕೆ ಬರೋಣ. ಕಾಲೇಜುಗಳೆಲ್ಲ ಪಟ್ಟಣದಲ್ಲಿದ್ದಾಗ, ಹೆಂಗಸರೇ ಬಹುಸಂಖ್ಯೆಯಲ್ಲಿರುವ ಒಂದು ಕಸುಬು ಈ ಊರಿನಲ್ಲಿ ಬೆಳೆಯಿತು. ಅದು ಖಾದಿ. ಖಾದಿಯನ್ನು ನಾವು ರಾಜಕೀಯ ಇತಿಹಾಸದ ಇಲ್ಲವೆ ನೀತಿಯ ಭಾಗವಾಗಿ ಮಾತ್ರ ನೋಡುವ ರೂಢಿಯಲ್ಲಿದ್ದೇವೆ. ಯಂತ್ರಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಅದರ ಚಿತ್ರವೇ ಬೇರೆಯಾಗುತ್ತದೆ.

೧೯೨೫ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಚರಕಾ ಸಂಘವು ೧೯೨೯ರಲ್ಲಿ ಸುಧಾರಿಸಿದ ರಾಟಿಗಾಗಿ ಒಂದು ಲಕ್ಷ ರೂಪಾಯಿಯ ಬಹುಮಾನವನ್ನು ಸಾರಿತು. ಬೆಲೆ ೧೫೦ ರೂಪಾಯಿಯನ್ನು ಮೀರಬಾರದು. ಹಳ್ಳಿಯ ಗುಡಿಸಲಿನಲ್ಲಿ ಹೆಂಗಸೊಬ್ಬಳು ಹೆಚ್ಚು ಆಯಾಸವಿಲ್ಲದೆ ದಿನಕ್ಕೆ ಎಂಟು ತಾಸು ನಡೆಯಿಸುವಂತಿರಬೇಕು—ಇವು ಅದರ ನಿಬಂಧನೆಗಳಲ್ಲಿ ಕೆಲವು. ಕಿರ್ಲೋಸ್ಕರವಾಡಿಯಲ್ಲಿಯೂ ಇದಕ್ಕಾಗಿ ಯಂತ್ರವೊಂದು ಸಿದ್ಧವಾಯಿತು. ಬಹುಮಾನವು ಯಾರಿಗೂ ದೊರೆಯಲಿಲ್ಲ. ಆದರೆ ಆ ನಿಬಂಧನೆಗಳನ್ನು ಇಂದು ಓದುವವನಿಗೆ ಅವು ಒಂದು ಒಳ್ಳೆಯ ಇಂಜಿನಿಯರಿಂಗ್ ಪ್ರಶ್ನಪತ್ರಿಕೆಯಂತೆ ತೋರುತ್ತವೆ: ಶಕ್ತಿ ಇಷ್ಟು, ಬೆಲೆ ಇಷ್ಟು, ನಡೆಯಿಸುವವಳು ಇಂಥವಳು, ಯಂತ್ರವನ್ನು ರಚಿಸಿರಿ. ಇದಕ್ಕೆ ಒಂದು ಮಟ್ಟದ ಉತ್ತರವನ್ನು ಕೊಟ್ಟವರು ತಮಿಳುನಾಡಿನ ಏಕಾಂಬರನಾಥನ್. ಗಿರಣಿಯಲ್ಲಿ ಹಂಜಿಯನ್ನು ಎಳೆದು ತೆಳುವಾಗಿಸುವ ಉರುಳೆಗಳ ತತ್ತ್ವವನ್ನು ಅವರು ಕೈರಾಟಿಗೆ ಅಳವಡಿಸಿದರು. ಮುಂದುಗಡೆಯ ಉರುಳೆಗಳು ಹಿಂದಿನವುಗಳಿಗಿಂತ ಬೇಗ ತಿರುಗುವುದರಿಂದ ನಡುವಿನ ಎಳೆಗಳು ಹಿಗ್ಗಿ ನೇರವಾಗುತ್ತವೆ; ಕದಿರು ಅದಕ್ಕೆ ಹುರಿ ಕೊಡುತ್ತದೆ. ಒಂದರ ಬದಲು ನಾಲ್ಕು ಕದಿರುಗಳನ್ನು ಒಂದೇ ಕೈಯಿಂದ ತಿರುಗಿಸುವುದು ಸಾಧ್ಯವಾಯಿತು. ಇದೇ ಅಂಬರ ಚರಕಾ. ೧೯೫೬ರಲ್ಲಿ ಭಾರತ ಸರಕಾರವು ಸಮಿತಿಯ ಮೂಲಕ ಇದರ ಪರಿಶೀಲನೆ ನಡೆಯಿಸಿತು. ಮರುವರ್ಷ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಕೆಲಸ ತೊಡಗಿತು.

ಸ್ವಾತಂತ್ರ್ಯಾನಂತರದ ಮೊದಲ ದಶಕದಲ್ಲಿ ರೂಪುಗೊಂಡ ಧಾರವಾಡ ತಾಲೂಕಾ ಗರಗ ಕ್ಷೇತ್ರೀಯ ಸೇವಾ ಸಂಘವು ಈ ನೂಲು ನೇಯ್ಗೆಗಳನ್ನು ಊರಿನಲ್ಲಿ ನೆಲೆಗೊಳಿಸಿತು. ಗರಗದ ಮಗ್ಗಗಳಿಂದ ಅನೇಕ ವರ್ಷ ರಾಷ್ಟ್ರಧ್ವಜದ ಬಟ್ಟೆ ಹೊರಟಿತು. ೧೯೫೭ರಲ್ಲಿ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಈ ಶತಮಾನದ ಮೊದಲ ದಶಕದಲ್ಲಿ ಮಾನಕ ಸಂಸ್ಥೆಯ ಪರವಾನಗಿ ಪಡೆದು ಧ್ವಜಗಳನ್ನೇ ತಯಾರಿಸತೊಡಗಿತು.

ಧ್ವಜದ ಬಟ್ಟೆ ಸಾಮಾನ್ಯ ಬಟ್ಟೆಯಲ್ಲ. ೧೯೪೭ರಲ್ಲಿ ಹುಟ್ಟಿದ ಭಾರತೀಯ ಮಾನಕ ಸಂಸ್ಥೆಯು ೧೯೫೧ರಲ್ಲಿ ಪ್ರಕಟಿಸಿದ ಮೊದಲನೆಯ ಕ್ರಮಾಂಕದ ಮಾನಕವೇ ರಾಷ್ಟ್ರಧ್ವ‌ಜದ್ದು. ೧೯೬೪ರಲ್ಲಿ ಮೆಟ್ರಿಕ್ ಪದ್ಧತಿಗೆ ಹೊಂದಿಸಿ, ೧೯೬೮ರಲ್ಲಿ ಮತ್ತೆ ಅದನ್ನು ಪರಿಷ್ಕರಿಸಿದರು. ೬೩೦೦ × ೪೨೦೦ ಮಿಲಿಮೀಟರಿನಿಂದ ೧೫೦ × ೧೦೦ ಮಿಲಿಮೀಟರಿನವರೆಗೆ ಒಂಬತ್ತು ಅಳತೆಗಳಿವೆ. ಎಲ್ಲದರಲ್ಲಿಯೂ ಉದ್ದ ಅಗಲಗಳ ಪ್ರಮಾಣ ಮೂರಕ್ಕೆ ಎರಡು. ಬಣ್ಣಗಳನ್ನು ಕಣ್ಣಂದಾಜಿಗೆ ಬಿಟ್ಟಿಲ್ಲ. ಗೊತ್ತುಪಡಿಸಿದ ಬೆಳಕಿನಲ್ಲಿ ಅಳೆದಾಗ ಕೇಸರಿಯ ಹೊಳಪು ೨೧.೫, ಬಿಳಿಯದು ೭೨.೬, ಹಸಿರಿನದು ೮.೯ ಎಂದು ಅಂಕೆಗಳಲ್ಲಿಯೇ ಹೇಳಿದೆ. ಬಿಸಿಲಿಗೂ ಒಗೆತಕ್ಕೂ ಬಣ್ಣ ಎಷ್ಟು ತಡೆಯುತ್ತದೆ, ಬಟ್ಟೆ ಎಷ್ಟು ಭಾರಕ್ಕೆ ಹರಿಯುತ್ತದೆ ಎಂಬ ಪರೀಕ್ಷೆಗಳೂ ಇವೆ. ಧ್ವಜದ ಮೈಗೆ ಒಂದು ಬಗೆಯ ಖಾದಿ, ಹಗ್ಗ ಸೇರಿಸುವ ಅಂಚಿಗೆ ಇನ್ನೊಂದು ಬಗೆಯ ದಪ್ಪ ಖಾದಿ ಬೇಕು. ಈ ಎರಡನೆಯದರ ನೇಯ್ಗೆಯನ್ನು ಬಲ್ಲವರು ದೇಶದಲ್ಲಿಯೇ ಬಹಳ ಕಡಿಮೆ.

ಇದರಲ್ಲಿ ಎಷ್ಟು ಶಾಸ್ತ್ರಗಳು ಅಡಗಿವೆಯೆಂಬುದನ್ನು ವಿದ್ಯಾರ್ಥಿಗಳು ಎಣಿಸಿ ನೋಡಬೇಕು. ಬಣ್ಣವನ್ನು ಅಂಕೆಯಾಗಿಸುವುದು ಬೆಳಕಿನ ಭೌತಶಾಸ್ತ್ರ. ಅದು ಮಾಸದಂತೆ ಹಿಡಿದಿಡುವುದು ರಸಾಯನಶಾಸ್ತ್ರ. ನೂರಾರು ಕೈಗಳಿಂದ ಬಂದ ನೂಲು ಒಂದೇ ಗುಣದ್ದಾಗಿರುವಂತೆ ನೋಡಿಕೊಳ್ಳುವುದು ಸಂಖ್ಯಾಶಾಸ್ತ್ರ. ನೂಲಿನ ನಂಬರೂ ಒಂದು ಗಣಿತವೇ. ಒಂದು ಪೌಂಡು ನೂಲಿನಲ್ಲಿ ೮೪೦ ಗಜದ ಲಡಿಗಳು ಎಷ್ಟಿವೆಯೋ ಅಷ್ಟು ಅದರ ನಂಬರು. ಆದ್ದರಿಂದ ೨೦ ನಂಬರಿನ ನೂಲು ಪೌಂಡಿಗೆ ೧೬,೮೦೦ ಗಜವಾಗುತ್ತದೆ. ಈ ಗಣಿತದ ಅಭ್ಯಾಸವಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಒಂದು ಉದಾಹರಣೆ: ಧ್ವಜದ ಬಟ್ಟೆಯು ಚದರ ಅಡಿಗೆ ೨೦೫ ಗ್ರಾಮು ತೂಗಬೇಕೆಂದು ಜನಪ್ರಿಯ ಬರಹಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಒಂದು ಚದರ ಮೀಟರಿನಲ್ಲಿ ಸುಮಾರು ೧೦.೭೬ ಚದರ ಅಡಿಗಳಿರುವುದರಿಂದ, ಆ ಲೆಕ್ಕದಲ್ಲಿ ಚದರ ಮೀಟರು ಬಟ್ಟೆಯೇ ಎರಡು ಕಿಲೋಗ್ರಾಮಿಗೆ ಮಿಕ್ಕಿ ತೂಗಬೇಕಾಗುತ್ತದೆ. ಅಂತಹದು ಜಮಖಾನೆಯಾದೀತೇ ಹೊರತು ಗಾಳಿಗೆ ಹಾರುವ ಧ್ವಜವಾಗದು. ಅಳತೆಯು ಚದರ ಮೀಟರಿಗೆ ಸಂಬಂಧಿಸಿದುದೆಂಬುದು ಸ್ವಲ್ಪ ಲೆಕ್ಕ ಹಾಕಿದರೆ ತಿಳಿಯುತ್ತದೆ. ಗರಗದ ನೇಕಾರನಿಗೆ ಇದು ಕೈಯ ಭಾರದಿಂದಲೇ ಗೊತ್ತು.

೭

ಗರಗದ ನೂಲಿನ ಹಿಂದೆ ಹತ್ತಿಯಿದೆ. ಕೈಯ ವಿದ್ಯೆಯೂ ಪುಸ್ತಕದ ವಿದ್ಯೆಯೂ ಅತ್ಯಂತ ಫಲಪ್ರದವಾಗಿ ಕೂಡಿದ್ದು ಆ ಹತ್ತಿಯಲ್ಲಿಯೇ. ಹಿಂದೆ ಹೇಳಿದ ಧಾರವಾಡ ಅಮೇರಿಕನ್ ಹತ್ತಿಯಿಂದ ಆಯ್ದ ‘ಗದಗ-೧’ ಎಂಬ ತಳಿಯೂ, ಅದರ ಸಂಕರದಿಂದ ‘ಲಕ್ಷ್ಮೀ’ ಎಂಬ ತಳಿಯೂ ಬಂದವು. ಧಾರವಾಡದ ಕೃಷಿ ಸಂಶೋಧನ ಕೇಂದ್ರದಲ್ಲಿ ಡಾ. ಬಿ. ಎಚ್. ಕತರಕಿಯವರು ಲಕ್ಷ್ಮಿಯನ್ನು ಉದ್ದ ಎಳೆಯ ಬೇರೊಂದು ಜಾತಿಯ ಹತ್ತಿಯೊಡನೆ ಕೂಡಿಸಿ ೧೯೭೨ರಲ್ಲಿ ‘ವರಲಕ್ಷ್ಮೀ’ಯನ್ನು ಬಿಡುಗಡೆ ಮಾಡಿದರು. ಎರಡು ಬೇರೆ ಜಾತಿಗಳ ಸಂಕರದಿಂದ ವಾಣಿಜ್ಯ ಬೆಳೆಯಾದ ಮೊದಲ ಹತ್ತಿ ಅದು. ೧೯೮೧ರಲ್ಲಿ ‘ಜಯಲಕ್ಷ್ಮೀ’ ಎಂಬ ಡಿ. ಸಿ. ಎಚ್. ೩೨ ಬಂದಿತು.

ಸಂಕರ ಬೀಜದ ತಯಾರಿಕೆಯಲ್ಲಿ ಪ್ರತಿಯೊಂದು ಮೊಗ್ಗಿನ ಕೇಸರಗಳನ್ನು ಕೈಯಿಂದ ಬಿಡಿಸಿ ತೆಗೆದು, ಮರುದಿನ ಬೇರೆ ಗಿಡದ ಪರಾಗವನ್ನು ಮುಟ್ಟಿಸಬೇಕು. ಈ ಸೂಕ್ಷ್ಮವಾದ ಕೆಲಸವನ್ನು ಬಹುತರವಾಗಿ ಮಾಡಿದವರು ಹೆಂಗಸರು. ಸಸ್ಯವಿಜ್ಞಾನದ ಪದವೀಧರರು, ಬೀಜ ಪರೀಕ್ಷಕರು, ಬೀಜ ವ್ಯಾಪಾರಿಗಳು, ಹೊಲದ ಮೇಲ್ವಿಚಾರಕರು ಎಂದು ಒಂದು ಉದ್ಯಮವೇ ರಾಣೆಬೆನ್ನೂರಿನಂತಹ ಊರುಗಳಲ್ಲಿ ಬೆಳೆಯಿತು. ೧೯೮೬ರಲ್ಲಿ ಧಾರವಾಡದ ಕೃಷಿ ಕಾಲೇಜು ಕೃಷಿ ವಿಶ್ವವಿದ್ಯಾಲಯವಾಯಿತು. ಇಲ್ಲಿ ವಿಜ್ಞಾನವು ಊರಿನ ಹೊಲದಿಂದಲೇ ಪ್ರಶ್ನೆಯನ್ನು ಪಡೆಯಿತು. ಉತ್ತರವನ್ನು ಅದೇ ಹೊಲಕ್ಕೆ ಮರಳಿಸಿತು. ವೃತ್ತಿಗಳು ಅದರ ಹಿಂದಿನಿಂದ ತಾವಾಗಿ ಬಂದವು. ಅದೇ ಹೊಲದಲ್ಲಿ ಕೇಸರ ಬಿಡಿಸಿದ ಹೆಣ್ಣುಮಗಳು ಮಾತ್ರ ಬಹುತರವಾಗಿ ದಿನಗೂಲಿಯವಳಾಗಿಯೇ ಉಳಿದಳೆಂಬುದನ್ನೂ ಹೇಳದೆ ಬಿಡುವಂತಿಲ್ಲ.

೮

ಇಂದು ಗರಗದ ಸುತ್ತ ದಾರಿಗಳು ಹೆಚ್ಚಿವೆ. ಹೆದ್ದಾರಿಯ ಬದಿಯ ಬೇಲೂರು, ಮುಮ್ಮಿಗಟ್ಟಿ ಕೈಗಾರಿಕಾ ಪ್ರದೇಶಗಳಲ್ಲಿ ಕಾರ್ಖಾನೆಗಳಿವೆ. ಧಾರವಾಡದಲ್ಲಿ ೨೦೧೫ರಲ್ಲಿ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೂ ೨೦೧೬ರಲ್ಲಿ ಭಾರತೀಯ ತಂತ್ರಜ್ಞಾನ ಸಂಸ್ಥೆಯೂ ಪ್ರಾರಂಭವಾದವು. ಭೂಮರಡ್ಡಿ ಕಾಲೇಜು ೨೦೧೫ರಲ್ಲಿ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಆದರೆ ಅಖಿಲ ಭಾರತ ಪರೀಕ್ಷೆಯಿಂದ ಪ್ರವೇಶವಿರುವ ಸಂಸ್ಥೆಯು ಊರಿಗೆ ಎಷ್ಟು ಹತ್ತಿರವಿದ್ದರೂ ಊರಿನ ಹುಡುಗನಿಗೆ ಹತ್ತಿರವಾಗುವುದಿಲ್ಲ. ರಾಜ್ಯದ ಪ್ರವೇಶ ಪರೀಕ್ಷೆಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡಾ ೧೫, ಕನ್ನಡ ಮಾಧ್ಯಮದವರಿಗೆ ಶೇಕಡಾ ೫ ಸ್ಥಾನಗಳನ್ನು ಕಾದಿರಿಸಿರುವುದು ಈ ದೂರವನ್ನು ಬಲ್ಲವರು ಮಾಡಿದ ಏರ್ಪಾಡು. ೨೦೨೧ರಲ್ಲಿ ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧನೆಗೆ ಅನುಮತಿ ದೊರೆತದ್ದು ಚನ್ನಬಸಪ್ಪನವರ ಮೆಟ್ಟಲಿನ ಮೇಲೆ ಬಹಳ ತಡವಾಗಿ ಇಟ್ಟ ಇನ್ನೊಂದು ಕಲ್ಲು.

ಅದೇ ೨೦೨೧ರ ದಶಂಬರ ೩೦ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಿಂದ ತಯಾರಿಸಿದ ಬಟ್ಟೆಗೂ ಪಾಲಿಯೆಸ್ಟರಿಗೂ ಅವಕಾಶ ದೊರೆಯಿತು. ಧ್ವಜ ಎಲ್ಲರ ಮನೆಗೂ ಅಗ್ಗವಾಗಿ ತಲುಪಲು ಇದರಿಂದ ಅನುಕೂಲವಾಗಿರಬಹುದು. ಆದರೆ ಕೈನೂಲಿನ ಧ್ವಜಕ್ಕೆ ಕಾಯಿದೆಯು ಕೊಟ್ಟಿದ್ದ ರಕ್ಷಣೆ ಅಂದಿಗೆ ಮುಗಿಯಿತು. ಒಂದುನೂರ ಎಂಬತ್ತು ವರ್ಷಗಳ ಹಿಂದೆ ಗರಗಸದ ಜಿನ್ನು ಬಂದಾಗ ಪಾದದ ಸಲಾಕೆಯ ಹೆಂಗಸರಿಗೆ ಬಂದ ಪ್ರಶ್ನೆಯೇ ರಾಟಿಯ ಹೆಂಗಸರ ಮುಂದೆ ಮತ್ತೆ ನಿಂತಿದೆ. ಅಂದು ಅವರಿಗೆ ಸಾಲೆಯಿರಲಿಲ್ಲ. ಇಂದು ಅವರ ಹೆಣ್ಣುಮಕ್ಕಳು ಸಾಲೆಯಲ್ಲಿದ್ದಾರೆ, ಕೆಲವರು ಕಾಲೇಜಿನಲ್ಲಿಯೂ ಇದ್ದಾರೆ. ವ್ಯತ್ಯಾಸವೆಲ್ಲ ಇಷ್ಟರಲ್ಲಿಯೇ ಇದೆ; ಅದು ಸಣ್ಣ ವ್ಯತ್ಯಾಸವಲ್ಲ.

ಈ ಇತಿಹಾಸದಿಂದ ಅಧ್ಯಾಪಕರು ಪಡೆಯಬಹುದಾದ ತಾತ್ಪರ್ಯವನ್ನು ಸಂಗ್ರಹಿಸಿ ಹೇಳುವುದಾದರೆ: ವೃತ್ತಿಯ ಸಲಹೆಯೆಂದರೆ ದೂರದ ನಗರದ ನಾಲ್ಕು ಹುದ್ದೆಗಳ ಹೆಸರನ್ನು ಹೇಳುವುದಲ್ಲ. ಅಂತಹ ಪಟ್ಟಿ ಮುಲ್ಕಿ ಪರೀಕ್ಷೆಯ ಕಾಲದಲ್ಲಿಯೂ ಇತ್ತು; ಹೆಸರುಗಳಷ್ಟೇ ಬದಲಾಗಿವೆ. ವಿದ್ಯಾರ್ಥಿಯ ತಾಯಿಯ ಕೈಯಲ್ಲಿರುವ ಕೆಲಸದಲ್ಲಿ ಯಾವ ಶಾಸ್ತ್ರವಿದೆಯೆಂದು ತೋರಿಸುವುದು ಅದರ ಮೊದಲ ಹೆಜ್ಜೆ. ನೂಲಿನ ಮನೆಯ ಹುಡುಗಿ ಬಣ್ಣದ ರಸಾಯನಶಾಸ್ತ್ರಜ್ಞೆಯಾಗಬಹುದು, ಮಾನಕ ಸಂಸ್ಥೆಯ ಪರೀಕ್ಷಕಿಯಾಗಬಹುದು, ಸೂರ್ಯಶಕ್ತಿಯಿಂದ ತಿರುಗುವ ರಾಟಿಯನ್ನು ರಚಿಸುವ ಇಂಜಿನಿಯರ್ ಆಗಬಹುದು, ಇಲ್ಲವೆ ಇವೆಲ್ಲವನ್ನೂ ಬಿಟ್ಟು ಆಕಾಶದ ನಕ್ಷತ್ರಗಳನ್ನೇ ಅಭ್ಯಾಸ ಮಾಡಬಹುದು. ಆಯ್ಕೆ ಅವಳದು. ನಮ್ಮ ಕಾಲೇಜುಗಳಿಂದ ಗರಗದ ಮಗ್ಗಗಳಿಗೆ ಒಂದು ತಾಸಿನ ಹಾದಿಯೂ ಇಲ್ಲ. ಭೌತಶಾಸ್ತ್ರದ, ರಸಾಯನಶಾಸ್ತ್ರದ, ಸಂಖ್ಯಾಶಾಸ್ತ್ರದ ವಿಭಾಗಗಳು ವರ್ಷಕ್ಕೊಮ್ಮೆ ತಮ್ಮ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದು, ನೂಲನ್ನು ಅಳೆಯಿಸಿ, ಬಣ್ಣವನ್ನು ಪರೀಕ್ಷಿಸಿ, ಕಂಡುದನ್ನು ನೂಲುವವರಿಗೆ ಕನ್ನಡದಲ್ಲಿ ತಿಳಿಯಹೇಳಿದರೆ, ಈ ಸೀಮೆಯಲ್ಲಿ ಬಹುಕಾಲ ಬೇರೆ ಬೇರೆಯಾಗಿ ನಡೆದ ಎರಡು ವಿದ್ಯೆಗಳು ಕೂಡಲು ಅದೊಂದು ಸಾಧ್ಯವಾದ ಪ್ರಾರಂಭವೆಂದು ನಾವು ತಿಳಿಯುತ್ತೇವೆ.